ಈಜುಕೊಳದ ಫಿಲ್ಟರೂ ನನ್ನ ಕೈಯ ತುರಿಕೆಯೂ

ತೊಳೆದದ್ದನ್ನೇ ಮತ್ತೆ ತೊಳೆಯುವುದು ನಮ್ಮ ಮನೆತನದ ರೋಗ. ಮಡಿಯಲ್ಲಿ ಬೆಳೆದವರು ನಾವು. ತಿಕ್ಕಿ ಬೋರಲು ಹಾಕಿದ ಕೊಡದ ಮೇಲೆ ಕಾಗೆಯ ನೆರಳು ಬಿದ್ದರೂ ಅವ್ವ ಅದನ್ನು ಮತ್ತೆ ಹಿತ್ತಲಿಗೆ ಒಯ್ಯುತ್ತಿದ್ದಳು. ಇಳಕಲ್ಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ ನಾನೂ ಅಷ್ಟೆ, ಒರೆಸಿದ ಕರಿಹಲಗೆಯನ್ನು ಇನ್ನೊಮ್ಮೆ ಒರೆಸದೆ ಪಾಠ ಆರಂಭಿಸಿದವನಲ್ಲ. ನಿವೃತ್ತನಾದ ಮೇಲೆ ಹಲಗೆ ಹೋಯಿತು, ಕೈಯ ತುರಿಕೆ ಉಳಿಯಿತು. ಅಡಿಗೆಮನೆಯ ಪಾತ್ರೆಗಳತ್ತ ಹೊರಟರೆ ಹೆಂಡತಿ, "ನೀವು ಸುಮ್ಮ ಕೂತ್ರ ಅದೇ ದೊಡ್ಡ ಉಪಕಾರ ಆಗ್ತದ" ಎನ್ನುತ್ತಾಳೆ.

ಹೀಗಿರುವಾಗ ಸೋದರಳಿಯ ಗುರುರಾಜ ಫೋನು ಮಾಡಿದ. ಬಾದಾಮಿಯಿಂದ ಬನಶಂಕರಿಗೆ ಹೋಗುವ ದಾರಿಯಲ್ಲಿ ಅವನದೊಂದು ಹೊಸ ವಸತಿಗೃಹ, ಅದಕ್ಕೊಂದು ಪುಟ್ಟ ಈಜುಕೊಳ. ಒಂದು ವಾರ ಅವನು ಊರಲ್ಲಿರುವುದಿಲ್ಲ, ಭಾನುವಾರ ಯಾರದೋ ಮದುವೆಯ ಬೀಗರು ಅಲ್ಲಿ ಬಂದಿಳಿಯುವವರಿದ್ದಾರೆ, ಅಲ್ಲಿಯತನಕ ಕೊಳ ನೋಡಿಕೊಳ್ಳಬೇಕು. ನನ್ನನ್ನೂ ಒಬ್ಬರು ಕೆಲಸಕ್ಕೆ ಕರೆದರಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಚೆನ್ನಾಗಿ ಮಾಡಿದರೆ ಖಾಯಂ ಮಾಡಿಯಾನು ಎಂಬ ಆಸೆಯೂ ಹುಟ್ಟಿತು. ಮರುದಿನವೇ ಅಲ್ಲಿಗೆ ಹೋದೆ. ಕೆಲಸವೇನೋ ಸರಳ. ನೀರು ಸೋಸುವ ಉಸುಕಿನ ಟಾಕಿಯ ಮೇಲೆ ಗಡಿಯಾರದಂಥ ಒಂದು ಮಾಪಕ. ಒಳಗೆ ಕಸ ತುಂಬಿದಂತೆ ಒತ್ತಡ ಹೆಚ್ಚಿ ಮುಳ್ಳು ಮೇಲೇರುತ್ತದೆ. ಗಾಜಿನ ಮೇಲೆ ಅವನು ಸ್ಕೆಚ್ ಪೆನ್ನಿನಿಂದ ಕೆಂಪು ಗೆರೆ ಎಳೆದಿದ್ದ. "ಮಾಮಾ, ಮುಳ್ಳು ಈ ಗೆರಿಗೆ ಬಂದಾಗಷ್ಟೇ ನೀರು ಉಲ್ಟಾ ಬಿಟ್ಟು ಉಸುಕು ತೊಳೀರಿ" ಎಂದು ಹೇಳಿ ಹೋದ.

ಹೊಲಸಾಗುವವರೆಗೆ ಕಾಯುವುದೆಂದರೇನು? ಅವ್ವ ಕಾದಿದ್ದಳೇ? ಮುಂಜಾನೆ ತೊಳೆದೆ, ಸಂಜೆ ತೊಳೆದೆ. ಆದರೆ ಕೊಳದ ನೀರು ದಿನದಿನಕ್ಕೆ ಅಕ್ಕಿ ತೊಳೆದ ನೀರಿನಂತಾಯಿತು. ಬೀಗರ ಎದುರು ಅಳಿಯನ ಮರ್ಯಾದೆ, ಅಳಿಯನ ಎದುರು ನನ್ನದು, ಎರಡೂ ಆ ನೀರಿನಲ್ಲಿ ಮುಳುಗುವಂತೆ ಕಂಡಾಗ ಗಾಬರಿಯಾಗಿ ಅವನಿಗೆ ಫೋನು ಹಚ್ಚಿದೆ.

"ಮುಳ್ಳು ಎಲ್ಲಿ ಅದರಿ ಮಾಮಾ?"

"ಅದು ಏಳಲಿಕ್ಕೆ ನಾ ಬಿಟ್ಟರ ತಾನೆ! ದಿನಾ ಎರಡು ಸಲ ತೊಳೀತೀನಿ" ಎಂದೆ ಹೆಮ್ಮೆಯಿಂದ.

"ಮಾಮಾ, ಉಸುಕಿನಾಗ ಒಂದಿಷ್ಟು ಹೊಲಸು ಕೂಡಬೇಕ್ರಿ. ಸಣ್ಣ ಧೂಳು ಹಿಡಿಯೂದು ಅದೇ. ಅದನ್ನೂ ತೊಳದ್ರ ಧೂಳೆಲ್ಲಾ ಹಾದು ವಾಪಸ್ ಕೊಳಕ್ಕ ಬರ್ತದ. ಪಂಪ್ ಚಾಲೂ ಇರಲಿ, ನೀವು ಮಾತ್ರ ಕೈ ಹಚ್ಚಬ್ಯಾಡ್ರಿ."

ಕೈಕಟ್ಟಿ ಕೂತೆ. ಭಾನುವಾರದ ಹೊತ್ತಿಗೆ ತಳದ ನೀಲಿ ಟೈಲ್ಸು ಕಂಡಿತು, ಬೀಗರ ಮಕ್ಕಳು ಧುಮುಕಿದರು. ಸಂಜೆ ಮರಳಿ ಬಂದ ಗುರುರಾಜ ನೀರು ನೋಡಿ, "ಏನು ಮಾಡಿದ್ರಿ ಮಾಮಾ?" ಎಂದ.

"ಏನೂ ಮಾಡಲಿಲ್ಲಪಾ."

"ಹಂಗಾರ ನಿಮ್ಮ ನೌಕರಿ ಖಾಯಂ. ಮುಂದೂ ಅದನ್ನೇ ಮಾಡ್ರಿ."

ಇದಕ್ಕಿಂತ ಕಷ್ಟದ ನೌಕರಿ ನಾನು ಮಾಡಿಲ್ಲ. ಬೆಳಗಾದರೆ ಮುಳ್ಳು ನೋಡಬೇಕು, ಗೆರೆ ನೋಡಬೇಕು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮರಳಬೇಕು. ನಿನ್ನೆ ನೋಡಿದರೆ ಮಾಪಕದ ಗಾಜಿನ ಮೇಲೆಲ್ಲ ಬಾದಾಮಿಯ ಕೆಂಪು ಧೂಳು. ಉಸುಕಿಗೆ ತಾನೆ ಕೈ ಹಚ್ಚಬಾರದು, ಗಾಜಿಗೇನು ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸಿದ್ದನ್ನು ಇನ್ನೊಮ್ಮೆ ಒರೆಸಿದೆ. ಈಗ ಗಾಜು ಥಳಥಳ ಹೊಳೆಯುತ್ತದೆ, ಮುಳ್ಳು ದೂರದಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಕೆಂಪು ಗೆರೆಯೊಂದೇ ಇಲ್ಲ. ಅಳಿಯನಿಗೆ ಇನ್ನೂ ಹೇಳಿಲ್ಲ.