ಪುಟ್ಟಮ್ಮನ ಹದಿನಾರು ಕೊಡ ನೀರು

ಸರ್ಕಾರ ನಮ್ಮ ಅಮಲ್ದಾರರನ್ನು ವರ್ಗ ಮಾಡುತ್ತಲೇ ಇತ್ತು, ಅವರ ಮನೆ ಜವಾನನಾದ ನಾನು ಹೊರುತ್ತಲೇ ಇದ್ದೆ. ಪ್ರತಿ ಸಲವೂ ಒಂದಲ್ಲ ಒಂದು ಫಜೀತಿ. ಮಂಚ, ಬೀರುವಿಗೆಲ್ಲ ನಾನು ಹೆದರಿದವನಲ್ಲ. ಹೆದರಿದ್ದು ಮೀನು ಸಾಕಿದ್ದ ಒಂದು ಗಾಜಿನ ತೊಟ್ಟಿಗೆ. ಸೀಮೆಗೆ ವಾಪಸು ಹೊರಟ ಕಾಫಿ ತೋಟದ ಬಿಳಿ ದೊರೆ ಅಮಲ್ದಾರರಿಗೆ ಮಾರಿ ಹೋಗಿದ್ದ ತೊಟ್ಟಿ ಅದು. ಕಬ್ಬಿಣದ ಚೌಕಟ್ಟು, ಕಲ್ಲಿನ ತಳ, ಬರಿದಾಗಿದ್ದರೂ ಎತ್ತಲು ನಾಲ್ಕಾಳು. ನೀರು ತುಂಬಿದ ಹಾಗೇ ಎತ್ತಿದರೆ ಗಾಜು ಒಡೆದೇ ಹೋಗುತ್ತೆ.

ಅಮಲ್ದಾರರ ಒಬ್ಬಳೇ ಮಗಳು ಪುಟ್ಟಮ್ಮ ದಿನವೂ ಅದರಲ್ಲಿ ಕೈ ಅದ್ದಿಕೊಂಡು ಕೂತಿರುತ್ತಿದ್ದಳು. ಅರಕಲಗೂಡಿನಲ್ಲಿದ್ದಾಗ ಜ್ವರ ಬಂದು, ಏಳು ವರ್ಷಕ್ಕೇ ಹೋಗಿಬಿಟ್ಟಳು. ನಾನು ಎತ್ತಿ ಆಡಿಸಿದ ಕೂಸು. ಈಗಲೂ ನೆನೆದರೆ ಕರುಳು ಕಿತ್ತು ಬರುತ್ತೆ. ತಿಂಗಳೊಳಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ಅಮ್ಮಾವ್ರದು ಒಂದೇ ಮಾತು: "ಮೀನು ಮಾತ್ರ ಅಲ್ಲಪ್ಪ, ಆ ನೀರೂ ಬರಬೇಕು. ಅವಳು ಕೈ ಅದ್ದಿದ ನೀರು. ಅದನ್ನ ಚೆಲ್ಲಿದರೆ ನಾನು ಗಾಡಿ ಹತ್ತೋದಿಲ್ಲ."

ತುಂಬಿಸಿದೆವು. ಹದಿನಾರು ಕೊಡ ಆಯಿತು.

೧. ಹೊಳೆಗೆ ನೀರು

ಕೊಡಗಳ ಬಾಯಿಗೆ ಬಾಳೆಲೆ ಕಟ್ಟಿ, ಹುಲ್ಲಿನ ಮೇಲೆ ಕೂರಿಸಿ ಹೊರಟೆವು. ಹಳ್ಳ ದಿಣ್ಣೆ ಬಂದಾಗಲೆಲ್ಲ ನಾನು "ಪುಟ್ಟಮ್ಮನ ನೀರು ಕಣ್ರೋ, ಜೋಪಾನ!" ಎಂದು ಕೂಗುತ್ತಿದ್ದೆ. ಹೇಮಾವತಿ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ ಕೇಳಿದಳು: "ಏನ್ಲಾ ಅದು, ತುಪ್ಪವಾ?"

"ನೀರು ಕಣಜ್ಜಿ."

"ಎಲ್ಲಿಗ್ಲಾ?"

"ಹೊಳೆನರಸೀಪುರಕ್ಕೆ."

ಅಜ್ಜಿ ಒಂದು ಸಲ ಹೊಳೆ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. "ಪಾಪ, ನಿಂಗೆ ಇಂಗಾಗೈತೆ ಅಂತ ನಿಮ್ಮವ್ವಂಗೆ ಗೊತ್ತೇನ್ಲಾ?"

೨. ಎತ್ತುಗಳ ಬಾಯಾರಿಕೆ

ಮುಂದಿನ ವರ್ಗ ಚನ್ನರಾಯಪಟ್ಟಣಕ್ಕೆ. ಸುಡುಬೇಸಿಗೆ. ಮರದ ನೆರಳಲ್ಲಿ ಗಾಡಿ ಬಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದೆ. ಎದ್ದು ನೋಡಿದರೆ ಗಾಡಿಯವನು ಎತ್ತುಗಳಿಗೆ ಕುಡಿಸಿ ನಾಲ್ಕು ಕೊಡ ಖಾಲಿ ಮಾಡಿದ್ದಾನೆ!

"ಹಾಳಾದೋನೇ, ಪುಟ್ಟಮ್ಮನ ನೀರು ಕಣೋ!"

ಗಾಡಿಯವನು ಅರಕಲಗೂಡಿನಿಂದಲೂ ನಮ್ಮ ಜೊತೆಗಿದ್ದವನೇ. "ಗೊತ್ತು ಕಣಣ್ಣಾ. ನಮ್ಮೆತ್ತು ಕಂಡ್ರೆ ಆ ಮಗೀಗೆ ಪ್ರಾಣ. ಅದಿದ್ದಿದ್ರೆ ಕುಡೀಬ್ಯಾಡ ಅಂತಿತ್ತಾ?"

ಇಬ್ಬರೂ ಕೆರೆಗೆ ಹೋಗಿ ನಾಲ್ಕು ಕೊಡ ತುಂಬಿ ತಂದೆವು. "ಅಮ್ಮಾವ್ರಿಗೆ ತಿಳಿದರೆ ನಿನ್ನ ಚರ್ಮ ಸುಲೀತೀನಿ" ಎಂದೆ.

"ನಾನು ಯೋಳಕಿಲ್ಲ, ಎತ್ತೂ ಯೋಳಕಿಲ್ಲ. ನೀನು ಬಾಯ್ ಮುಚ್ಕಂಡಿರು ಸಾಕು."

೩. ಇದ್ದಿಲ ಬಸ್ಸು

ಹಾಸನಕ್ಕೆ ವರ್ಗವಾಗುವ ಹೊತ್ತಿಗೆ ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ತೊಟ್ಟಿ ಗಾಡಿಯಲ್ಲಿ ಹೋಯಿತು. ಹಂಡೆಯಲ್ಲಿದ್ದ ಮೀನು, ಹದಿನಾರು ಕೊಡ ಮತ್ತು ನಾನು ಬಸ್ಸಿನಲ್ಲಿ. ಏರಿನಲ್ಲಿ ಇಂಜಿನ್ನು ಕುದಿಯಿತು. ನಾನು ಬೀಡಿ ಸೇದಿ ಬರುವಷ್ಟರಲ್ಲಿ ಡ್ರೈವರು ಐದು ಕೊಡ ಇಂಜಿನ್ನಿಗೆ ಸುರಿದಾಗಿತ್ತು.

ಕೊರಳಪಟ್ಟಿ ಹಿಡಿದೆ. "ತೀರಿಹೋದ ಮಗೂದು ಕಣಯ್ಯಾ ಆ ನೀರು!"

ಅವನ ಮುಖ ಬಿಳಿಚಿತು. ತಾನೇ ಬಾವಿ ಹುಡುಕಿ ಐದು ಕೊಡ ತುಂಬಿಕೊಟ್ಟ. ಸ್ವಲ್ಪ ದೂರ ಹೋದಮೇಲೆ ಮೆಲ್ಲಗೆ ಹೇಳಿದ: "ಅದ್ಕೇಯಾ ಅಣ್ಣಾ, ಮುದ್ಕಿ ಇದ್ದಂಗಿದ್ದ ಗಾಡಿ ಇವತ್ತು ಕುಣ್ಕಂಡ್ ಓಯ್ತಾ ಐತೆ."

೪. ಹಾಸನದಲ್ಲಿ ಲೆಕ್ಕ ತಪ್ಪಿದ್ದು

ತೊಟ್ಟಿ ಇಳಿಸಿ, ನೀರು ಹುಯ್ದು, ಮೀನು ಬಿಟ್ಟೆವು. ಅಮ್ಮಾವ್ರು ಬಂದು ಪಕ್ಕದಲ್ಲಿ ಕೂತು, ಮೊದಲ ಸಲ ಆ ನೀರಿಗೆ ಕೈ ಇಟ್ಟರು. ಕಣ್ಣು ಮುಚ್ಚಿಕೊಂಡರು. ಗಾಡಿಯವನಿಗೆ ತಡೆಯಲಾಗಲಿಲ್ಲ, ಕಾಲಿಗೆ ಬಿದ್ದುಬಿಟ್ಟ.

"ತಪ್ಪಾಯ್ತು ಕಣವ್ವಾ! ಅದ್ರಾಗೆ ನಾಕು ಕೊಡ ಕೆರೆ ನೀರು!"

ಇನ್ನು ನಾನು ಮುಚ್ಚಿಟ್ಟು ಏನು ಬಂತು? "ಐದು ಕೊಡ ಬಾವೀದು ಅಮ್ಮಾ" ಎಂದೆ.

ಅಮಲ್ದಾರರು ಕೆಮ್ಮಿದರು. "ಅರಕಲಗೂಡಿನಲ್ಲೇ ನೀರು ಪಾಚಿಗಟ್ಟಿತ್ತು ಕಣೇ. ಮೀನು ಸತ್ತರೆ ನೀನು ತಡ್ಕೊಳ್ಳಲ್ಲ ಅಂತ ಎಂಟು ಕೊಡ ನಾನೇ ಬದಲಾಯಿಸಿದ್ದೆ."

ಅಮ್ಮಾವ್ರು ಬೆರಳು ಮಡಿಚಿ ಎಣಿಸಿದರು. "ಹದಿನಾರು ಕೊಡ ನೀರಿಗೆ ಹದಿನೇಳು ಕೊಡ ಕಳ್ಳತನವೇ!" ಎಂದು ನಕ್ಕರು. ಪುಟ್ಟಮ್ಮ ಹೋದಮೇಲೆ ನಕ್ಕಿದ್ದು ಅದೇ ಮೊದಲು. ನಗುನಗುತ್ತಲೇ ಅಳತೊಡಗಿದರು. "ನನಗೆ ಗೊತ್ತಿರಲಿಲ್ಲವೇನಪ್ಪ? ದಿನಾ ಆರಿಹೋಗೋ ನೀರಿಗೆ ನಾನೇ ಒಂದೊಂದು ಚೊಂಬು ಸೇರಿಸ್ತಿದ್ದೆ."

"ಮತ್ತೆ ಯಾಕಮ್ಮಾ ಹೊರಿಸಿದಿರಿ?"

"ಅವಳು ಹೋದಮೇಲೆ ಈ ಮನೇಲಿ ಯಾರೂ ಅವಳ ಹೆಸರೆತ್ತಲಿಲ್ಲ, ನನಗೆ ಸಂಕಟ ಆಗುತ್ತೆ ಅಂತ. ಮನೆ ಸಾಗಿಸೋ ದಿನ ಮಾತ್ರ ಬೀದಿಗೆಲ್ಲ ಕೇಳೋ ಹಾಗೆ 'ಪುಟ್ಟಮ್ಮ, ಪುಟ್ಟಮ್ಮ' ಅಂತ ಕೂಗಾಡ್ತಿದ್ರಿ. ಅದನ್ನ ಕೇಳಬೇಕಿತ್ತು."

ಅಮಲ್ದಾರರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ನಾನು ಗೋಡೆ ಕಡೆ ತಿರುಗಿಕೊಂಡೆ. ಗಾಡಿಯವನು ಟವೆಲಿನಲ್ಲಿ ಮೂಗು ಒರೆಸಿಕೊಂಡು ಹೇಳಿದ:

"ಅಂಗಾರೆ ಬಿರ್ರನೆ ಇನ್ನೊಂದು ವರ್ಗ ಮಾಡಿಸ್ಕಳ್ಳಿ ಸಾ. ಈ ಸಲ ವಸಿ ದೂರದ ಊರೇ ಆಗ್ಲಿ."