ಹತ್ತು ಸಾಲು, ಒಂದು ಹಗ್ಗ

ಖಾಲಿ ಜಾಗ ಕಂಡರೆ ನನಗೆ ಸಹಿಸಲು ಆಗುವುದಿಲ್ಲ. ಇದು ರೋಗವೋ ಗುಣವೋ ಗೊತ್ತಿಲ್ಲ, ಆದರೆ ಕೊಲ್ಲಿ ದೇಶದಲ್ಲಿ ಹತ್ತು ವರ್ಷ ಕಳೆದ ಯಾರನ್ನು ಬೇಕಾದರೂ ಕೇಳಿ, ಅವರಿಗೂ ಇದು ಇರುತ್ತದೆ. ವಿಮಾನದವರು ಮೂವತ್ತು ಕಿಲೋ ಒಯ್ಯಬಹುದು ಎಂದರೆ ನಾವು ಇಪ್ಪತ್ತೊಂಬತ್ತು ಕಿಲೋ ಹೊತ್ತು ಊರು ಮುಟ್ಟುವ ಜನ ಅಲ್ಲ. ಉಳಿದ ಒಂದು ಕಿಲೋ ಸಮುದ್ರಕ್ಕೆ ಚೆಲ್ಲಿದ ಹಾಗೆ ಹೊಟ್ಟೆ ಉರಿಯುತ್ತದೆ. ಶೂ ಕೊಂಡುಕೊಂಡರೆ ಅದರ ಹೊಟ್ಟೆಗೆ ನೋವಿನ ಎಣ್ಣೆಯ ಬಾಟಲಿ, ಬಾಟಲಿಯ ಸುತ್ತ ಕಾಲುಚೀಲ, ಕಾಲುಚೀಲದೊಳಗೆ ಒಂದು ಸಾಬೂನು. ಹೀಗೆ ಒಂದರೊಳಗೊಂದು ತುಂಬಿಸುವುದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ನಾನು ಮೂಲ್ಕಿ ಕಡೆಯವನು. ದೋಹಾದ ನಜ್ಮಾ ಪೇಟೆಯಲ್ಲಿ ನನ್ನದೊಂದು ಪರದೆ, ಕಾರ್ಪೆಟ್ಟಿನ ಅಂಗಡಿ. ಬೇರೆಯವರ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವನು ಚೌಕಾಸಿ ಮಾಡಿ ಮಾಡಿಯೇ ಸ್ವಂತ ಬೋರ್ಡು ಹಾಕಿಕೊಂಡೆ. ಆದ್ದರಿಂದ ನನ್ನ ಬಳಿ ಸಲಹೆಗಳು ಧಾರಾಳ. ಅಂಗಡಿಯಲ್ಲಿ ನಾನು ಪುಕ್ಕಟೆ ಕೊಡುವುದು ಅದೊಂದನ್ನೇ.

ಇಂಥ ನನ್ನ ಕಣ್ಣೆದುರು ಒಂದು ದಿನ ಮಗಳು ದೀಕ್ಷಾ ಒಂದು ಅರ್ಜಿ ನಮೂನೆ ಹರಡಿದಳು. ಅವಳು ಆಗ ಹನ್ನೆರಡನೆಯ ತರಗತಿ. ಅಮೆರಿಕದ ಕಾಲೇಜುಗಳು ತಾವೇ ದೋಹಾಕ್ಕೆ ಬಂದು ಶಾಖೆ ತೆರೆಯುತ್ತಿದ್ದ ಕಾಲ ಅದು. ಅಂಥ ಒಂದು ಕಾಲೇಜಿನಲ್ಲಿ ಅವಳಿಗೆ ಡಿಸೈನ್ ಓದಬೇಕಿತ್ತು. ಅಲ್ಲಿ ಸೀಟು ಸಿಕ್ಕಿದರೆ ಮನೆಯಿಂದಲೇ ಹೋಗಿ ಬರಬಹುದು. ಸಿಗದಿದ್ದರೆ ಮಂಗಳೂರಿನಲ್ಲಿ ಹಾಸ್ಟೆಲು ಎಂದು ಹೆಂಡತಿ ವಾರಿಜಾ ಆಗಲೇ ತೀರ್ಮಾನ ಮಾಡಿದ್ದಳು. ಹಾಸ್ಟೆಲಿನ ಖರ್ಚು ಕಡಿಮೆ, ವ್ಯಾಪಾರಿಯಾಗಿ ನಾನು ಹಿಗ್ಗಬೇಕಿತ್ತು. ಆದರೆ ನಮ್ಮದು ಎರಡೇ ಕೋಣೆಯ ಮನೆ. ಅದರಲ್ಲಿ ಒಂದು ಖಾಲಿಯಾದರೆ ಹೇಗಿರುತ್ತದೆ ಎಂದು ನೆನೆಸಿದಾಗೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಖಾಲಿ ಜಾಗದ ವಿಷಯದಲ್ಲಿ ನನ್ನ ಸ್ವಭಾವ ಮೊದಲೇ ಹೇಳಿದ್ದೇನೆ.

ಆ ನಮೂನೆಯಲ್ಲಿ ಅಂಕಗಳಿಗೆ ಒಂದು ಪುಟ. ಅದು ಸರಿ. ಮುಂದಿನ ಪುಟದಲ್ಲಿ 'ಪಾಠದ ಹೊರಗೆ ನೀವು ಏನು ಮಾಡುತ್ತೀರಿ' ಎಂದು ಕೇಳಿ ಹತ್ತು ಸಾಲು ಬಿಟ್ಟಿದ್ದರು. ಹತ್ತು! ದೀಕ್ಷಾ ಒಂದೇ ಒಂದು ಸಾಲು ಬರೆದಿದ್ದಳು. ಊರಿಗೆ ಹೋಗುವವರ ಪೆಟ್ಟಿಗೆ ಕಟ್ಟಿಕೊಡುವುದು ನನ್ನ ಹವ್ಯಾಸ ಎಂದು.

ಸುಳ್ಳಲ್ಲ. ಅಂಗಡಿಯ ನೈಲಾನ್ ಹಗ್ಗದಲ್ಲೇ ಆಡಿ ಬೆಳೆದ ಹುಡುಗಿ. ರಜೆ ಹತ್ತಿರ ಬಂತೆಂದರೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. "ದೀಕ್ಷಾ ಉಂಟಾ? ನಾಳೆ ಹೊರಡ್ಲಿಕ್ಕೆ, ಕಾರ್ಟನ್ ಒಂದು ಕಟ್ಟಿ ಕೊಡ್ಬಹುದಾ?" ಇವಳು ಹೋಗುತ್ತಾಳೆ, ಹರಡಿದ ಸಾಮಾನನ್ನೆಲ್ಲ ಒಂದು ಸಲ ನೋಡುತ್ತಾಳೆ, ಅವಳು ಕೇಳುವುದು ಒಂದೇ ಪ್ರಶ್ನೆ: "ಊರಲ್ಲಿ ಇದನ್ನು ಮೊದಲು ಓಪನ್ ಮಾಡುವುದು ಯಾರು?" ಆಮೇಲೆ ಕಂಬಳಿ ಸುರುಳಿಯಾಗುತ್ತದೆ, ಸೆಂಟಿನ ಬಾಟಲಿ ಅದರ ನಡುವೆ ಮಲಗುತ್ತದೆ, ಹಗ್ಗ ಬಿಗಿಯುತ್ತದೆ. ಕೊನೆಗೆ ಕಾರ್ಟನ್ನನ್ನು ಹಗ್ಗ ಹಿಡಿದು ಒಮ್ಮೆ ಎತ್ತಿ ಇಳಿಸಿ, ಸರಿ ಅಥವಾ ಸ್ವಲ್ಪ ತೆಗೀಬೇಕು ಎನ್ನುತ್ತಾಳೆ. ಅವಳು ಸರಿ ಎಂದ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಯಾರೂ ಬಿಚ್ಚಿ ಕೂತದ್ದಿಲ್ಲ. ಇದಕ್ಕೆ ಅವಳು ಒಂದು ರಿಯಾಲೂ ತೆಗೆದುಕೊಳ್ಳುವುದಿಲ್ಲ ಎನ್ನುವುದೊಂದೇ ನನಗೆ ಬೇಸರ. ನನ್ನ ರಕ್ತ ಎಲ್ಲಿಗೆ ಹೋಯಿತೋ.

ಆದರೆ ಇದನ್ನು ಕಾಲೇಜಿನವರಿಗೆ ಬರೆಯುವುದೇ? ನಾನು ಅವಳಿಗಾಗಿ ಏನೇನು ಕೊಡಿಸಿಲ್ಲ! ವಯಲಿನ್ ಕೊಡಿಸಿದ್ದೆ. ಕಲಿಸುವವರು ಬೇರೆ ದೇಶಕ್ಕೆ ಹೋದ ಮೇಲೆ ಅದು ಕಪಾಟಿನ ಮೇಲೆ ಕೂತಿತ್ತು. ಕರಾಟೆಗೆ ಹಾಕಿದ್ದೆ. ಹಳದಿ ಬೆಲ್ಟಿನವರೆಗೆ ಹೋದಳು, ಒಂದು ದಿನ ಹಗ್ಗ ಸಾಲದೆ ಆ ಬೆಲ್ಟಿನಲ್ಲೇ ಯಾರದೋ ಕಾರ್ಟನ್ ಕಟ್ಟಿ ಕಳಿಸಿದಳು. ಟೆನ್ನಿಸ್ ರಾಕೆಟ್ ಹಿಡಿದ ಫೋಟೋ ಇದೆ. ಮೂರನೆಯ ತರಗತಿಯಲ್ಲಿ ನಮ್ಮೂರವರ ಸಂಘದಲ್ಲಿ ಸ್ವಾಗತ ನೃತ್ಯ ಮಾಡಿದ್ದಾಳೆ. ಪೆನ್ನು ತೆಗೆದುಕೊಂಡು ಒಂಬತ್ತು ಸಾಲನ್ನೂ ನಾನೇ ತುಂಬಿಸಿದೆ. ಕೊನೆಯ ಸಾಲಿಗೆ ಏನೂ ಸಿಗದೆ 'ಈಜು (ನೋಡಿದ್ದಾಳೆ)' ಎಂದೂ ಬರೆದುಬಿಟ್ಟಿದ್ದೆ.

ಆ ಸಂಜೆ ಮೇಲಿನ ಮಹಡಿಯ ಬಸವರಾಜರು ಚಹಾಕ್ಕೆ ಬಂದರು. ಬಾಗಲಕೋಟೆ ಕಡೆಯವರು, ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಅರ್ಜಿ ನೋಡಿ ಬಿದ್ದು ಬಿದ್ದು ನಕ್ಕರು.

"ಏನ್ರೀ ಶೆಟ್ರ, ಗಂಟು ಕಟ್ಟೂದನ್ನ ಹವ್ಯಾಸ ಅಂತ ಬರೀತಾರೇನ್ರೀ? ನಮ್ಮವ್ವ ದಿನಾ ನಮ್ಮಪ್ಪಗ ಬುತ್ತಿ ಕಟ್ಟತಿದ್ಲು. ಆಕಿಗೆ ಯಾವ ಕಾಲೇಜಿನ್ಯಾಗ ಸೀಟ್ ಕೊಟ್ರು?"

"ಅದನ್ನೇ ನಾನೂ ಹೇಳುವುದು," ಎಂದೆ.

ವಾರಿಜಾ ಚಹಾ ಇಡುತ್ತಾ, "ಹೋದ ಸಲ ನಿಮ್ಮ ಪೆಟ್ಟಿಗೆ ಕಟ್ಟಿದ್ದು ಯಾರು ಅಣ್ಣಾ?" ಎಂದು ಕೇಳಿದಳು.

ಬಸವರಾಜರ ನಗು ನಿಂತಿತು. "ಖರೇ ಹೇಳ್ಬೇಕಂದ್ರ ಅಕ್ಕಾರ, ಪೆಟಗಿ ತೆರೆಯೂದು ಯಾರು ಅಂತ ಕೇಳಿದ್ಲು. ನಮ್ಮವ್ವ ಅಂದೆ. ಅಲ್ಲಿ ಹೋಗಿ ತೆರೆದ್ರ ಮ್ಯಾಲೆ ಅವ್ವಗ ತಂದ ಶಾಲು ಕುಂತಿತ್ತು ನೋಡ್ರಿ. ಆಮ್ಯಾಲ ಅವ್ವ ಯಾರನ್ನೂ ಪೆಟಗಿ ಹತ್ರ ಬಿಡಲಿಲ್ಲ. ತಾನ ಒಂದೊಂದ ತಗದು ಎಲ್ಲಾರಿಗೂ ಹಂಚಿದ್ಲು." ಸ್ವಲ್ಪ ಹೊತ್ತು ಚಹಾ ಊದಿದರು. "ಆದ್ರೂ ಕಾಲೇಜಿಗೆ ಬರಿಯೂದು ಬ್ಯಾಡ್ರಿ."

ಅವರು ಹೋದ ಮೇಲೆ ನನಗೆ ಒಂದು ಕುತೂಹಲ ಹಿಡಿಯಿತು. ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ತೀರ್ಮಾನ ಮಾಡಿದವರು ಯಾರು? ಯಾರೋ ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದ ಅಂಚೆಚೀಟಿಯನ್ನು ಕಿತ್ತು ಪುಸ್ತಕಕ್ಕೆ ಅಂಟಿಸಿದರೆ ಅದು ಹವ್ಯಾಸ. ಒಂದು ಗಂಟೆ ಮರಕ್ಕೆ ಒರಗಿ ಹಕ್ಕಿ ನೋಡಿದರೆ ಅದೂ ಹವ್ಯಾಸ. ಅದೇ ನಾನು ಅಂಗಡಿ ಬಾಗಿಲಿಗೆ ಒರಗಿ ಎದುರಿಗೆ ಏಳುತ್ತಿರುವ ಕಟ್ಟಡ ನೋಡಿದರೆ ವ್ಯಾಪಾರ ಇಲ್ಲ ಪಾಪ ಎನ್ನುತ್ತಾರೆ. ನನಗೆ ತಿಳಿದ ಮಟ್ಟಿಗೆ, ಯಾವ ಕೆಲಸಕ್ಕೆ ಬೇರೆ ಡ್ರೆಸ್ಸು ಬೇಕೋ ಅದಕ್ಕೆ ಬೆಲೆ ಹೆಚ್ಚು. ದೀಕ್ಷಾ ಪೆಟ್ಟಿಗೆ ಕಟ್ಟುವುದು ಮನೆಯ ಚೂಡಿದಾರಿನಲ್ಲೇ.

ಗೊತ್ತಿಲ್ಲದ್ದನ್ನು ಮಾರುವವನ ಹತ್ತಿರವೇ ಕೇಳಿ ತಿಳಿದುಕೊಳ್ಳಬೇಕು. ಇದು ನನ್ನ ಪುಕ್ಕಟೆ ಸಲಹೆಗಳಲ್ಲೊಂದು. ಮರುದಿನ ಅಂಗಡಿಯಿಂದ ಕಾಲೇಜಿಗೇ ಫೋನ್ ಮಾಡಿದೆ. ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು, ಜೇನಿನಂಥ ಸ್ವರ. ವಯಲಿನ್‌ಗೆ ಎಷ್ಟು, ಕರಾಟೆಗೆ ಎಷ್ಟು, ಎರಡು ಚಿಕ್ಕ ಹವ್ಯಾಸ ಸೇರಿಸಿದರೆ ಒಂದು ದೊಡ್ಡದಕ್ಕೆ ಸಮವಾಗುತ್ತದೆಯೇ ಎಂದು ಕೇಳಿದೆ. ಅದಕ್ಕೆಲ್ಲ ಇಂತಿಷ್ಟೇ ಎಂಬ ರೇಟಿಲ್ಲ ಸರ್ ಎಂದಳು. ಫಿಕ್ಸೆಡ್ ರೇಟ್ ಇಲ್ಲ ಎಂದರೆ ಚೌಕಾಸಿಗೆ ಜಾಗ ಉಂಟು ಎಂದೇ ಅರ್ಥವಲ್ಲವೇ? ನಾನು ಕುರ್ಚಿಯಲ್ಲಿ ಸರಿಯಾಗಿ ಕೂತು ವ್ಯಾಪಾರ ಶುರು ಮಾಡುವಷ್ಟರಲ್ಲಿ ಅವಳೇ, "ಸರ್, ಯಾರೂ ಹೇಳದೆಯೂ ನಿಮ್ಮ ಮಗಳು ಮಾಡುವುದು ಏನು?" ಎಂದಳು. ನಾನು ಫೋನ್ ಇಟ್ಟೆ. ನಾನು ಬರೆದ ಒಂಬತ್ತೂ ನಾನು ಹೇಳಿ ಮಾಡಿಸಿದ್ದು. ಆ ಈಜು ಸಹ.

ಮನೆಗೆ ಬಂದರೆ ದೀಕ್ಷಾ ಅರ್ಜಿ ಮುಂದಿಟ್ಟುಕೊಂಡು ಕೂತಿದ್ದಳು, ಹೆಚ್ಚು ತೂಕದ ಪೆಟ್ಟಿಗೆಯ ಮುಂದೆ ಕೂತ ಹಾಗೆಯೇ. ಕೈಯಲ್ಲಿ ಪೆನ್ನು. "ಪಪ್ಪಾ, ಇದು ವೇಯ್ಟ್ ಜಾಸ್ತಿ ಆಯ್ತು," ಎಂದು ಟೆನ್ನಿಸ್ ಹೊಡೆದಳು. ಕರಾಟೆ ಹೋಯಿತು. ನೃತ್ಯ ಹೋಯಿತು.

"ಮಾರಾಯ್ತಿ, ವಯಲಿನ್ ಒಂದಾದ್ರೂ ಇರ್ಲಿ! ಎಷ್ಟು ಚೌಕಾಸಿ ಮಾಡಿ ತಂದದ್ದು."

"ಅವರು ಬಾರಿಸು ಅಂದ್ರೆ ಎಂತ ಮಾಡುವುದು?"

"ಎಲ್ಲರೂ ಹತ್ತು ತುಂಬಿಸಿ ಕೊಡ್ತಾರೆ. ನೀನು ಒಂಬತ್ತು ಸಾಲು ಖಾಲಿ ಬಿಟ್ರೆ ಅವರು ಎಂತ ತಿಳ್ಕೊಳ್ಳುದಿಲ್ಲ?"

"ಪಪ್ಪಾ, ಪ್ಯಾಕಿಂಗ್ ಅಂದ್ರೆ ತುಂಬಿಸುವುದು ಅಲ್ಲ. ಯಾವುದನ್ನು ಬಿಟ್ಟು ಹೋಗುವುದು ಅಂತ ನೋಡುವುದು," ಎಂದು ವಯಲಿನ್‌ಗೂ ಗೆರೆ ಎಳೆದಳು. "ಖಲಾಸ್."

ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಹೊಸ ನಮೂನೆಯಲ್ಲಿ ಒಂದೇ ಸಾಲು ಬರೆದು ಕಳಿಸಿದಳು. ಆಶ್ಚರ್ಯವೆಂದರೆ ಸಂದರ್ಶನಕ್ಕೆ ಕರೆ ಬಂತು. ನಾನು ಕೋಟು ಹಾಕಿ ಜೊತೆಗೆ ಹೋದೆ, ಒಳಗೆ ಬಿಡಲಿಲ್ಲ. ಹೊರಗೆ ಸಾಲಾಗಿ ಕೂತಿದ್ದ ಅಪ್ಪಂದಿರ ಮಡಿಲಲ್ಲೆಲ್ಲ ಪದಕಗಳ ಫೈಲು. ನನ್ನ ಮಡಿಲು ಖಾಲಿ. ಎಲ್ಲಿ ಕೈ ಇಡಬೇಕೆಂದೇ ತಿಳಿಯಲಿಲ್ಲ.

ಅವಳು ಹೊರಗೆ ಬಂದದ್ದು ಉಳಿದವರಿಗಿಂತ ತಡವಾಗಿ. ಕಾರಿನಲ್ಲಿ ಕೂತ ಮೇಲೆ ಕೇಳಿದೆ, "ಎಂತ ಕೇಳಿದ್ರು?"

"ಹಾಲಿನ ಪುಡಿ, ಸಾಬೂನು ಎಲ್ಲ ನಿಮ್ಮ ಊರಲ್ಲೂ ಸಿಗ್ತದಲ್ಲ, ಮತ್ತೆ ಯಾಕೆ ಅಷ್ಟು ದೂರ ಹೊತ್ಕೊಂಡು ಹೋಗ್ತಾರೆ ಅಂತ ಕೇಳಿದ್ರು."

"ನೀನೆಂತ ಹೇಳಿದಿ?"

"ಜನ ಒಯ್ಯುವುದು ಸಾಬೂನು ಅಲ್ಲ, ಎಲ್ಲರೂ ಸುತ್ತ ಕೂತು ಪೆಟ್ಟಿಗೆ ಓಪನ್ ಮಾಡ್ತಾರಲ್ಲ, ಅದನ್ನು. ನಾನು ಡಿಸೈನ್ ಮಾಡುವುದು ಆ ಐದು ನಿಮಿಷವನ್ನು ಅಂದೆ." ಕಿಟಕಿಯ ಹೊರಗೆ ನೋಡುತ್ತಾ ಸೇರಿಸಿದಳು, "ನಿಮ್ಮನ್ನೇ ನೋಡಿ ಗೊತ್ತಾದದ್ದು. ಊರಲ್ಲಿ ಪೆಟ್ಟಿಗೆ ಓಪನ್ ಆಗುವಾಗ ನೀವು ಪೆಟ್ಟಿಗೆ ನೋಡುದೇ ಇಲ್ಲ, ಅಜ್ಜಿಯ ಮುಖ ನೋಡ್ತೀರಿ."

ರೌಂಡ್‌ಅಬೌಟಿನಲ್ಲಿ ನಾನು ಸುಮ್ಮನೆ ಎರಡು ಸುತ್ತು ಹೊಡೆದೆ. ದಾರಿ ತಪ್ಪಿತು ಎಂದು ಅವಳಿಗೆ ಹೇಳಿದೆ.

ಸೀಟು ಸಿಕ್ಕಿತು. ಒಳಗಿನ ಕೋಣೆ ತುಂಬಿಯೇ ಉಳಿಯಿತು. ಅದರ ಮರುದಿನದಿಂದಲೇ ನಾನು ಈ ವಿಷಯದಲ್ಲಿ ಎಲ್ಲರಿಗೂ ಸಲಹೆ ಕೊಡತೊಡಗಿದೆ. ಪರದೆ ಕೊಳ್ಳಲು ಬಂದವರಿಗೂ, "ಮಕ್ಕಳ ಅರ್ಜಿಯಲ್ಲಿ ಒಂದೇ ಸಾಲು ಬರೀರಿ ಮಾರಾಯ್ರೇ, ಉಳಿದದ್ದೆಲ್ಲ ಭಾರ," ಎನ್ನುತ್ತಿದ್ದೆ. ಇದು ಮೊದಲಿನಿಂದಲೂ ನನ್ನದೇ ಅಭಿಪ್ರಾಯ ಎಂದು ಒಂದು ತಿಂಗಳೊಳಗೆ ನನಗೇ ನಂಬಿಕೆ ಬಂದಿತ್ತು.

ಆ ಬೇಸಿಗೆಯಲ್ಲಿ ಊರಿಗೆ ಹೊರಟವನು ನಾನೊಬ್ಬನೇ. ಕಾಲೇಜು ಶುರುವಾಗುವ ಮೊದಲಿನ ತರಗತಿಗಳೆಂದು ದೀಕ್ಷಾ ಬರುವಂತಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಡುತ್ತೇನೆ ಎಂದಳು. ನಿನಗೆ ಓದು ಉಂಟು, ಇಷ್ಟು ಸಲಹೆ ಕೊಡುವವನಿಗೆ ಕಟ್ಟಲು ಬಾರದೇ ಎಂದು ನಾನೇ ಕೂತೆ. ತಮ್ಮನ ಮಗ ಮೂಲ್ಕಿಯಲ್ಲಿ ಪಿಯುಸಿ, ನಾಳೆ ಅವನೂ ಅರ್ಜಿ ಹಾಕುವವನೇ. ಒಂದು ಸಾಲಿಗಾದರೂ ಆಗಲಿ ಎಂದು ಕಪಾಟಿನ ಮೇಲಿನ ವಯಲಿನನ್ನು ತೆಗೆದಿಟ್ಟೆ. ಇಟ್ಟ ಮೇಲೆ ನೋಡುತ್ತೇನೆ, ವಯಲಿನ್ ಎಂದರೆ ಎಷ್ಟೊಂದು ಖಾಲಿ ಜಾಗ! ಹೊಟ್ಟೆ ಪೂರಾ ಟೊಳ್ಳು. ಮೇಲೆ ಎರಡು ಸೀಳು ಮಾತ್ರ. ಸಿಪ್ಪೆ ಸುಲಿದ ಪಿಸ್ತಾ ಆ ಸೀಳಿನಿಂದ ಒಂದೊಂದಾಗಿ ಒಳಗೆ ಸರಿಯಾಗಿ ಹಿಡಿಯಿತು.

ವಿಮಾನ ನಿಲ್ದಾಣದ ತಕ್ಕಡಿಯಲ್ಲಿ ತೂಕ ಹೆಚ್ಚು ಬಂತು. ಕೌಂಟರಿನ ಹುಡುಗಿಯ ಹತ್ತಿರ ಲಾಸ್ಟ್ ಎಷ್ಟು ಬಿಡುತ್ತೀರಿ ಎಂದು ಕೇಳಿದೆ. ಅವಳು ನಕ್ಕಳು, ಬಿಡಲಿಲ್ಲ. ಸಾಲಿನ ಹಿಂದಿನವರು ಬೇಗ ಬೇಗ ಎನ್ನುವುದಕ್ಕೆ ಅರಬಿಯಲ್ಲಿ ಯಲ್ಲಾ ಯಲ್ಲಾ ಎನ್ನತೊಡಗಿದರು. ಮನೆಗೆ ಫೋನ್ ಮಾಡಿದೆ.

"ವಯಲಿನ್ ತೆಗೀರಿ ಪಪ್ಪಾ," ಎಂದಳು ದೀಕ್ಷಾ, ನಾನು ಹಲೋ ಎನ್ನುವ ಮೊದಲೇ.

"ನಿನಗೆ ಹೇಗೆ ಗೊತ್ತು?"

"ಕಪಾಟಿನ ಮೇಲೆ ಜಾಗ ಖಾಲಿ ಉಂಟಲ್ಲ."

ತೆಗೆದೆ, ಆದರೆ ಬಿಟ್ಟುಹೋಗಲಿಲ್ಲ. ಕಂಕುಳಲ್ಲಿ ಹಿಡಿದು ವಿಮಾನ ಹತ್ತಿದೆ. ಮಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸಿನವರು ಗೌರವದಿಂದಲೇ ಕೇಳಿದರು, "ಬಾರಿಸ್ತೀರಾ ಸರ್?"

"ಹೀಗೇ, ಹವ್ಯಾಸ," ಎಂದೆ.

ಅವರು ವಯಲಿನನ್ನು ಮೆಲ್ಲನೆ ಎತ್ತಿಕೊಂಡರು. ಗಲಗಲ ಎಂದಿತು. ನಮ್ಮ ಮನೆಗೆ ಬಂದ ಮೇಲೆ ಅದರಿಂದ ಇಷ್ಟು ಸ್ಪಷ್ಟವಾದ ಸ್ವರ ಹೊರಟದ್ದು ಅದೇ ಮೊದಲು. ಅವರು ಸೀಳಿನೊಳಗೆ ಒಂದು ಕಣ್ಣಿಟ್ಟು ನೋಡಿದರು, ಆಮೇಲೆ ಅದೇ ಕಣ್ಣಿನಿಂದ ನನ್ನನ್ನು ನೋಡಿದರು. "ಇದು ಎಂಥ ಹವ್ಯಾಸ ಮಾರಾಯ್ರೇ?" ಎಂದರು.

ಬಿಟ್ಟುಬಿಟ್ಟರೆನ್ನಿ. ಊರಲ್ಲಿ ಈಗ ತಮ್ಮನ ಮಗ ದಿನಾ ಸಂಜೆ ಆ ವಯಲಿನನ್ನು ತಲೆಕೆಳಗೆ ಹಿಡಿದು ಅಲುಗಾಡಿಸುತ್ತಾನೆ. ದಿನಕ್ಕೆ ನಾಲ್ಕೈದು ಪಿಸ್ತಾ ಬೀಳುತ್ತವಂತೆ. ಇದನ್ನು ಅರ್ಜಿಯಲ್ಲಿ ಬರೆಯಬಹುದಾ ದೊಡ್ಡಪ್ಪಾ ಎಂದು ಫೋನಿನಲ್ಲಿ ಕೇಳಿದ. ಯಾರಾದರೂ ಹೇಳಿ ಮಾಡುತ್ತಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದ. ಹಾಗಾದರೆ ಬರಿ ಎಂದೆ. ಹೇಗೂ ಅವನ ಅರ್ಜಿಯಲ್ಲಿ ಒಂಬತ್ತು ಸಾಲು ಖಾಲಿ ಇವೆಯಂತೆ, ನನಗೆ ಆಗಿನಿಂದ ನಿದ್ದೆ ಹತ್ತುತ್ತಿಲ್ಲ.