ಹನ್ನೆರಡು ಟ್ರಿಪ್ಪುಗಳ ವರ್ಷ

ನಮ್ಮ ಮಾಮಾನ ಮದುವೆ ಹನ್ನೊಂದು ನಿಮಿಷ ತಡವಾಗಿ ಆಯಿತು. ಇದು ನಾನು ಕಟ್ಟಿದ ಕತೆಯಲ್ಲ, ಪುರೋಹಿತರೇ ಬರೆದುಕೊಟ್ಟ ಮಾತು! ತಾಳಿ ಕಟ್ಟಿ ಮುಗಿದ ಮೇಲೆ ಮದುಮಗ ಬಾಸಿಂಗ ಕೂಡ ಬಿಚ್ಚದೆ ಅವರ ಬಳಿ ಹೋಗಿ, ತಡಕ್ಕೆ ಕಾರಣವೇನೆಂದು ಬರೆದು ಸಹಿ ಮಾಡಿಕೊಡಿ ಎಂದು ಕೇಳಿದನಂತೆ. ಮದುವೆ ಮನೆಯಲ್ಲಿ ರಂಪ ಯಾಕೆಂದು ಅವರು, 'ಟಾಂಗಾದ ಕುದುರೆ ನಡುದಾರಿಯಲ್ಲಿ ನಿಂತದ್ದರಿಂದ' ಎಂದು ಬರೆದುಕೊಟ್ಟರು. ಆ ಚೀಟಿ ಇಂದಿಗೂ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿರುವ ಅವನ ಮನೆಯ ಟ್ರಂಕಿನಲ್ಲಿ, ಮದುವೆಯ ಫೋಟೊಗಳ ಕೆಳಗೆ ಭದ್ರವಾಗಿದೆ. ಆ ಮಾತು ಬಂದಾಗಲೆಲ್ಲ ಮಾಮಿ, "ಆ ಕುದರಿಗೆ ಇದ್ದ ಬುದ್ಧಿ ನನಗ ಇರಲಿಲ್ಲ ನೋಡು" ಎನ್ನುತ್ತಾಳೆ.

ಮಾಮಾ ಎಂದರೆ ನನ್ನ ತಾಯಿಯ ಒಬ್ಬನೇ ತಮ್ಮ. ಧಾರವಾಡದಿಂದ ಬಂದು ಮೂವತ್ತನಾಲ್ಕು ವರ್ಷ ಮುಂಬಯಿಯ ಸಿಟಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದವನು. ಕೊನೆಯ ಸ್ಟಾಪಿನ ಪುಟ್ಟ ಚೌಕಿಯಲ್ಲಿ ಕೂತು ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದು ಅವನ ಕೆಲಸ. ಸಮಯಕ್ಕೆ ಸರಿಯಾಗಿ ನಡೆದದ್ದು ನೀಲಿಯಲ್ಲಿ, ತಡವಾದದ್ದು ಮತ್ತು ರದ್ದಾದದ್ದು ಕೆಂಪಿನಲ್ಲಿ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲು ಸದಾ ಕಿವಿಯ ಮೇಲೆ. ನಿವೃತ್ತಿಯ ದಿನ ಚೌಕಿಯನ್ನು ಬಿಟ್ಟು ಬಂದ, ಪೆನ್ಸಿಲನ್ನು ಬಿಡಲಿಲ್ಲ.

ಬಿಟ್ಟಿದ್ದರೆ ನಾವೆಲ್ಲ ಬದುಕುತ್ತಿದ್ದೆವು! ಒಮ್ಮೆ ಗೋರೆಗಾಂವ್‌ನಲ್ಲಿ ನೆಂಟರ ಮಗುವಿನ ತೊಟ್ಟಿಲು ಶಾಸ್ತ್ರವಿತ್ತು. ಒಂಬತ್ತು ಹತ್ತಕ್ಕೆ ಹೊರಡುವುದೆಂದು ಮಾಮಾ ಹಿಂದಿನ ದಿನವೇ ಸಾರಿದ್ದ. ಒಂಬತ್ತು ಹತ್ತಕ್ಕೆ ಮಾಮಿ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಮಾಮಾ ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟ. ಅವಳು ಒಬ್ಬಳೇ ಲೋಕಲ್ ರೈಲು ಹತ್ತಿ, ಕೈಯಲ್ಲಿ ಬೆಳ್ಳಿ ಬಟ್ಟಲಿನ ಪೊಟ್ಟಣ ಹಿಡಿದು ಬೆವರುತ್ತ ಬಂದಾಗ ಇವನು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಎಲ್ಲರೆದುರು ಅವಳು ದುರುಗುಟ್ಟಿ ನೋಡಿದಾಗ ತಣ್ಣಗೆ ಹೇಳಿದ: "ಬಸ್ಸು ಯಾರ ಸಲುವಾಗಿನೂ ನಿಂದ್ರೂದಿಲ್ಲ." ಅವನ ಗಾಯತ್ರಿ ಮಂತ್ರ ಅದು. ಮಾಮಿ ಎಂಟು ದಿನ ಮಾತು ಬಿಟ್ಟಳು. ಆ ಎಂಟು ದಿನ ಊಟ ಮಾತ್ರ ಒಂದು ನಿಮಿಷವೂ ತಡವಾಗಲಿಲ್ಲವೆಂದು ಮಾಮಾ ಈಗಲೂ ಮೆಚ್ಚಿ ನೆನೆಯುತ್ತಾನೆ.

ಇಂಥವನು ವರ್ಷದ ಗುರಿಗಳನ್ನು ನಮ್ಮ ನಿಮ್ಮ ಹಾಗೆ ಡೈರಿಯಲ್ಲಿ ಬರೆದು ಫೆಬ್ರವರಿಯಲ್ಲಿ ಮರೆಯುತ್ತಾನೆಯೇ? ಅವನು ಅವುಗಳನ್ನು ಗುರಿ ಎಂದು ಕರೆಯುವುದೇ ಇಲ್ಲ, ಟ್ರಿಪ್ ಎನ್ನುತ್ತಾನೆ. ಮಕರ ಸಂಕ್ರಾಂತಿಯ ದಿನ ಕುಸುರೆಳ್ಳು ಹಂಚಿ ಮುಗಿಯುತ್ತಿದ್ದಂತೆ ನೆಲದ ಮೇಲೆ ದೊಡ್ಡ ಹಾಳೆ ಹಾಸಿ ಕೂರುತ್ತಾನೆ. ಟ್ರಿಪ್ ನಂಬರು, ಹೊರಡುವ ವೇಳೆ, ಮುಟ್ಟುವ ವೇಳೆ, ಷರಾ, ಹೀಗೆ ಗೆರೆ ಎಳೆದು ಒಟ್ಟು ಹನ್ನೆರಡು. ಆ ದಿನ ಅವನ ಮನೆಯ ಕುಸುರೆಳ್ಳು ತಿಂದ ಪ್ರತಿಯೊಬ್ಬನಿಗೂ ಒಂದು ಟ್ರಿಪ್ ಕಡ್ಡಾಯ. ಆರು ತಿಂಗಳ ಮೇಲೆ, ಕರ್ಕ ಸಂಕ್ರಾಂತಿಯಂದು, ತಪಾಸಣೆ. ಸೂರ್ಯನೇ ಅವತ್ತು ದಿಕ್ಕು ಬದಲಿಸುವಾಗ ನಾವು ಒಮ್ಮೆ ತಿರುಗಿ ನೋಡುವುದರಲ್ಲಿ ಏನು ತಪ್ಪು ಎಂಬುದು ಅವನ ವಾದ.

ನಾನು ಹೇಳಹೊರಟ ವರ್ಷದ ಹಾಳೆಯಲ್ಲಿ ನಾನೂ ಸಿಕ್ಕಿಬಿದ್ದಿದ್ದೆ. 'ಟ್ರಿಪ್ ಐದು: ಅಳಿಯನ ಮದುವೆ. ಮುಟ್ಟುವ ವೇಳೆ: ವೈಶಾಖದೊಳಗೆ.' ಹುಡುಗಿಯ ಹೆಸರಿನ ಜಾಗ ಖಾಲಿ! ಕೆಳಗಿನ ಉಡುಪಿ ಹೋಟೆಲಿನ ಶೆಟ್ಟರು ಪಾಪ, ಏನೂ ಅರಿಯದೆ ಒಂದು ಚಿಟಿಕೆ ಕುಸುರೆಳ್ಳು ಬಾಯಿಗೆ ಹಾಕಿಕೊಂಡಿದ್ದರು. ಅವರ ಪಾಲಿಗೆ ಟ್ರಿಪ್ ಏಳು: ಸಾಂಬಾರಿಗೆ ಬೆಲ್ಲ ಹಾಕುವುದನ್ನು ನಿಲ್ಲಿಸತಕ್ಕದ್ದು. "ಹಾಗಾದ್ರೆ ಅದು ಸಾಂಬಾರು ಹೇಗೆ ಆಗ್ತದೆ ಮಾರಾಯ್ರೆ?" ಎಂದು ಅವರು ಕೇಳಿದ್ದಕ್ಕೆ ಷರಾ ಕಾಲಮಿನಲ್ಲಿ 'ಚಾಲಕನ ವಿರೋಧವಿದೆ' ಎಂದು ಬಿತ್ತು. ಮಾಮಾನ ಪಾಲಿಗೆ ಹೊಟ್ಟೆ ಎರಡಿಂಚು ಇಳಿಸುವುದು, ಹಾರ್ಮೋನಿಯಂ ಕಲಿಯುವುದು ಇತ್ಯಾದಿ ಇದ್ದವು.

ಹನ್ನೆರಡನೆಯದು ಮಾತ್ರ ಬೇರೆ ಥರದ್ದು. ಮಾಮಿ ಒಂದು ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೇಸ್ ಪೇಪರ್ ಬರೆದುಕೊಡುವ ಕಿಟಕಿಯ ಹಿಂದೆ ಕೂರುವವಳು. ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ, ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಇಬ್ಬರೂ ಕೂತು ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಹೋಗಿಬರೋಣ ಎಂದು ಕೇಳಿದ್ದಳಂತೆ. ಇವನಿಗೆ ರಜೆ ಇದ್ದಾಗ ಅವಳಿಗೆ ಡ್ಯೂಟಿ, ಅವಳಿಗೆ ರಜೆ ಇದ್ದಾಗ ಇವನಿಗೆ. ಜೀವಮಾನವಿಡೀ ಬಸ್ಸುಗಳನ್ನು ಕಳಿಸಿದವನು ಹೆಂಡತಿಯೊಂದಿಗೆ ಒಂದರಲ್ಲೂ ಮೇಲೆ ಹತ್ತಿ ಕೂರಲಿಲ್ಲ. ಆ ವರ್ಷ ಜೂನ್ ಕೊನೆಗೆ ಅವಳ ನಿವೃತ್ತಿ. ಆದ್ದರಿಂದ ಟ್ರಿಪ್ ಹನ್ನೆರಡು: 'ಇಬ್ಬರೂ, ಮೇಲಿನ ಮುಂದಿನ ಸೀಟು. ಹೊರಡುವ ವೇಳೆ: ಜುಲೈ ಒಂದು, ಬೆಳಿಗ್ಗೆ ಎಂಟು ಹತ್ತು.'

ಮಾಮಿ ಅದನ್ನು ಎರಡು ಸಲ ಓದಿದಳು. "ಎಂಟೂ ಹತ್ತಕ್ಕ ನಾ ಬರಲಿಲ್ಲಂದ್ರ?" ಎಂದು ಕೇಳಿದಳು.

"ಬಸ್ಸು ಯಾರ ಸಲುವಾಗಿನೂ ನಿಂದ್ರೂದಿಲ್ಲ" ಎಂದ ಮಾಮಾ, ಹಾಳೆಯನ್ನು ಅಡಿಗೆಮನೆಯ ಬಾಗಿಲ ಹಿಂದೆ ಅಂಟಿಸುತ್ತ.

ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮುಂಬಯಿಯೇ ನಿಂತಿತು. ಯುಗಾದಿಯ ಹೋಳಿಗೆಗೆಂದು ನಾಲ್ಕು ದಿನ ಮೊದಲೇ ಎರಡು ಅಂಗಿ ಹಿಡಿದುಕೊಂಡು ಬಂದಿದ್ದ ನಾನು ಮಾಮಾನ ಮನೆಯಲ್ಲೇ ಸಿಕ್ಕಿಹಾಕಿಕೊಂಡೆ. ಲೋಕಲ್ ಬಂದಾಯಿತು, ಆಮೇಲೆ ರಸ್ತೆ ಬಂದಾಯಿತು. ರಸ್ತೆ ತೆರೆಯಿತು ಎನ್ನುವಾಗ ಗೋರೆಗಾಂವ್‌ನ ನನ್ನ ಬಿಲ್ಡಿಂಗಿಗೇ ಸೀಲು ಬಿತ್ತು. ಒಂದು ಹೋಳಿಗೆಗೆ ನಾಲ್ಕು ತಿಂಗಳ ಸಜೆ ಎಂದರೆ ಹೆಚ್ಚಾಯಿತಲ್ಲವೇ?

ಎರಡು ಕೋಣೆಯ ಆ ಮನೆಗೆ ಮಾಮಾ ಟೈಮ್‌ಟೇಬಲ್ ಹಾಕಿದ. ಬಚ್ಚಲು ನನಗೆ ಏಳು ಇಪ್ಪತ್ತರಿಂದ ಏಳು ಮೂವತ್ತೆರಡರವರೆಗೆ. ಮೂವತ್ತಮೂರಕ್ಕೆ ಬಾಗಿಲ ಮೇಲೆ ಎರಡು ಪೆಟ್ಟು, ಥೇಟ್ ಕಂಡಕ್ಟರನ ಡಬಲ್ ಬೆಲ್ಲಿನ ಹಾಗೆ. ಹೊಟ್ಟೆ ಇಳಿಸುವ ಟ್ರಿಪ್ಪಿಗೆ ಮನೆಯೊಳಗೇ ಓಡಾಟ ಶುರುವಾಯಿತು: ದೇವರ ಗೂಡಿನ ಸ್ಟಾಪ್, ಗ್ಯಾಸ್ ಸಿಲಿಂಡರ್ ಸ್ಟಾಪ್, ಫ್ರಿಜ್ ಸ್ಟಾಪ್. ಫ್ರಿಜ್ ಸ್ಟಾಪಿನಲ್ಲಿ ಬಸ್ಸು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಮೇ ಕೊನೆಗೆ ಹೊಟ್ಟೆ ಒಂದಿಂಚು ಹೆಚ್ಚಿದಾಗ ಷರಾ ಬರೆದ: 'ಮಾರ್ಗ ಬದಲಾವಣೆ.'

ನನ್ನ ಆಫೀಸೂ ಅಡಿಗೆಮನೆಗೆ ಬಂದು ಕೂತಿತ್ತು. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ನಡೆಯುವಾಗ ಮಾಮಾ ನನ್ನ ಹೆಗಲ ಮೇಲಿಂದ ಇಣುಕಿ, ನಮ್ಮ ಬಾಸಿಗೆ ನೇರವಾಗಿ ಹಿಂದಿಯಲ್ಲಿ, ತಾವು ಈ ವಾರ ಮೂರು ಸಲ ನಾಲ್ಕು ನಿಮಿಷ ತಡವಾಗಿ ಬಂದಿದ್ದೀರಿ, ಕಾರಣ ತಿಳಿಸಬಹುದೇ ಎಂದು ಕೇಳಿಬಿಟ್ಟ. ನನ್ನ ಕೆಲಸ ಹೋಯಿತೆಂದೇ ತಿಳಿದೆ. ಮರುದಿನ ಮೀಟಿಂಗಿಗೆ ಬಾಸ್ ಐದು ನಿಮಿಷ ಮುಂಚೆ ಬಂದು ಕೂತಿದ್ದರು!

ಮಾಮಿ ಮಾತ್ರ ಮನೆಯಲ್ಲಿ ಕೂರಲಿಲ್ಲ. ಅಗತ್ಯ ಸೇವೆಯವರಿಗಾಗಿ ಓಡುತ್ತಿದ್ದ ಬಸ್ಸಿನಲ್ಲಿ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಹೋಗಿ ಮಧ್ಯಾಹ್ನ ಮೂರು ಐವತ್ತಕ್ಕೆ ಇಳಿಯುತ್ತಿದ್ದಳು. ಬಂದವಳು ನೇರ ಬಚ್ಚಲಿಗೆ. ಬಟ್ಟೆ ಬಿಸಿನೀರಿನ ಬಕೆಟ್ಟಿಗೆ. ಆಮೇಲೆ ಚಹಾ. ಅವಳು ಹೋದ ಮೇಲೆ ಮಾಮಾ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವುದನ್ನು ನೋಡಿದ್ದೆ. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ತೆಗೆದು ನೋಡಿದರೆ, ಮಾಮಿ 'ಹೋದದ್ದು' ಮತ್ತು 'ಬಂದದ್ದು' ಎಂದು ಎರಡೇ ಕಾಲಮು, ದಿನಕ್ಕೊಂದು ಸಾಲಿನಂತೆ ಪುಟಗಟ್ಟಲೆ. ಎಲ್ಲ ನೀಲಿ. ನಗಬೇಕೆಂದುಕೊಂಡೆ, ಆಗಲಿಲ್ಲ. ನೋಟ್‌ಬುಕ್ಕನ್ನು ಇದ್ದ ಜಾಗದಲ್ಲೇ ಇಟ್ಟೆ.

ಜೂನ್ ಬಂದ ಮೇಲೆ ಮಾಮಾ ದಿನ ಎಣಿಸತೊಡಗಿದ. ಅವಳು ಆ ಕಿಟಕಿಯ ಹಿಂದಿನಿಂದ ಎದ್ದು ಬಂದರೆ ಸಾಕು ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನು. ಹನ್ನೆರಡನೆಯ ಟ್ರಿಪ್ಪಿಗೆ ಇನ್ನಿಷ್ಟು ದಿನ ಎನ್ನುತ್ತಿದ್ದ, ಅಷ್ಟೇ. ತಿಂಗಳು ಮುಗಿಯಲು ವಾರವಿದೆ ಎನ್ನುವಾಗ ಮಾಮಿ ಚಹಾ ಕುಡಿಯುತ್ತ, ಇನ್ನಾರು ತಿಂಗಳು ಇರಲಾಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿದರೆಂದೂ, ತಾನು ಸಹಿ ಮಾಡಿ ಬಂದೆನೆಂದೂ ಹೇಳಿದಳು.

ಮಾಮಾ ಚಹಾದ ಕಪ್ಪನ್ನು ಕೆಳಗಿಟ್ಟ. "ನನ್ನ ಒಂದ ಮಾತು ಕೇಳಬಾರದೇನು?" ಎಂದ.

"ಕೇಳಿದ್ರ ಬ್ಯಾಡ ಅಂತಿದ್ರಿ. ಕಿಟಕಿ ಮುಂದ ಮಂದಿ ಸಾಲು ಹಚ್ಚಿ ನಿಂತಾರ್ರಿ. ಅರ್ಧಾ ಸಾಲಿನಾಗ ಹೆಂಗ ಎದ್ದು ಬರ್ಲಿ?"

"ಮತ್ತ ಹನ್ನೆರಡನೇ ಟ್ರಿಪ್?"

"ಈಗ ಹೋದ್ರೂ ಬಸ್ಸಿನಾಗ ಒಂದ ಸೀಟಿಗೆ ಒಬ್ಬರ ಕೂಡಬೇಕಂತ. ನೀವೊಂದು ಕಡೆ, ನಾ ಒಂದು ಕಡೆ. ಹಂಗ ಕೂಡೂದಾದ್ರ ಮನೀನ ಸಾಕಲ್ಲ."

ಮಾಮಾ ಎದ್ದು ಹೋಗಿ ಪೆನ್ಸಿಲಿನ ಕೆಂಪು ತುದಿಯಿಂದ ಹನ್ನೆರಡನೆಯ ಸಾಲಿನ ಮೇಲೆ 'ರದ್ದು' ಎಂದು ಬರೆದ. ಎಷ್ಟು ಒತ್ತಿ ಬರೆದನೆಂದರೆ ಹಾಳೆ ಹರಿಯಿತು. ಆಮೇಲೆ ಮಾತು ಬಿಡುವ ಸರದಿ ಅವನದಾಯಿತು. ಜುಲೈ ಒಂದರ ಬೆಳಿಗ್ಗೆ ಎಂಟು ಹತ್ತಕ್ಕೆ ಬಾಲ್ಕನಿಯಲ್ಲಿ ನಿಂತು ಖಾಲಿ ರಸ್ತೆ ನೋಡಿ ಒಳಗೆ ಬಂದ. ಆದರೂ ಮೂರೂವರೆಯಾದರೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಅವಳನ್ನು ಕರೆತರಲು ದಿನವೂ ಸ್ಟಾಪಿಗೆ ಹೋಗುವುದನ್ನು ಬಿಡಲಿಲ್ಲ. ಮುನಿಸಿಕೊಂಡ ಗಂಡ ಮುಂದೆ, ಚೀಲ ಹಿಡಿದ ಹೆಂಡತಿ ಹತ್ತು ಹೆಜ್ಜೆ ಹಿಂದೆ, ಒಂದೂ ಮಾತಿಲ್ಲದೆ ಇಬ್ಬರೂ ಗೇಟಿನೊಳಗೆ ಬರುತ್ತಿದ್ದರು. ಇಡೀ ಕಾಲನಿ ಅದನ್ನು ಸರಕಾರದ ಅಂತರದ ನಿಯಮವೆಂದೇ ತಿಳಿದಿತ್ತು!

ಕರ್ಕ ಸಂಕ್ರಾಂತಿ ಬಂತು. ತಪಾಸಣೆ ಸಂಜೆ ನಾಲ್ಕೂವರೆಗೆ ಎಂದು ಮಾಮಾ ನನ್ನ ಮೂಲಕ ಮಾಮಿಗೆ ತಿಳಿಸಿದ್ದ. ಮೂರೂವರೆಗೆ ಎಂದಿನಂತೆ ಸ್ಟಾಪಿಗೆ ಹೋದ. ಮೂರು ಐವತ್ತರ ಬಸ್ಸಿನಿಂದ ಮಾಮಿ ಇಳಿಯಲಿಲ್ಲ. ಫೋನು ಸ್ವಿಚ್ ಆಫ್. ನಾಲ್ಕೂವರೆಯ ಬಸ್ಸಿನಲ್ಲೂ ಇಲ್ಲ. ಐದಕ್ಕೆ ನಾನು ಕೊಡೆ ಹಿಡಿದು ಹೋದಾಗ ಮಾಮಾ ಜಿಟಿಜಿಟಿ ಮಳೆಯಲ್ಲಿ, ಸ್ಟಾಪಿನ ಚಪ್ಪರ ಬಿಟ್ಟು ರಸ್ತೆಯ ಅಂಚಿಗೇ ನಿಂತಿದ್ದ. ಮನೆಗೆ ಹೋಗಿ ಕಾಯೋಣ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡೆರಡು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುತ್ತಿದ್ದ. ಶೆಟ್ಟರು ತಾವೇ ಚಹಾ ತಂದುಕೊಟ್ಟರು, ಅದು ಅವನ ಕೈಯಲ್ಲೇ ತಣ್ಣಗಾಯಿತು. ನನಗೂ ಹೆದರಿಕೆಯಾಗಿತ್ತು. ಆ ದಿನಗಳಲ್ಲಿ ಆಸ್ಪತ್ರೆಗೆ ಹೋದವರು ತಡವಾದರೆ ಮನಸ್ಸು ಎಲ್ಲಿಗೆ ಹೋಗುತ್ತಿತ್ತೆಂದು ಬೇರೆ ಹೇಳಬೇಕೇ?

ಆರು ಇಪ್ಪತ್ತಕ್ಕೆ ಬಂದ ಬಸ್ಸಿನಿಂದ ಮಾಮಿ ಇಳಿದಳು. ಬದಲಿಗೆ ಬರಬೇಕಾದವಳಿಗೆ ಜ್ವರ ಬಂದು ಇವಳೇ ಎರಡನೆಯ ಪಾಳಿಯ ಅರ್ಧ ಕೂತಿದ್ದಳಂತೆ, ಫೋನಿನ ಚಾರ್ಜು ಮುಗಿದಿತ್ತಂತೆ. ತೊಯ್ದು ನಿಂತ ಗಂಡನನ್ನು ನೋಡಿ, "ಯಾವಾಗಿಂದ ನಿಂತೀರಿ?" ಎಂದು ಕೇಳಿದಳು.

"ಈಗ ಬಂದೀನಿ" ಎಂದ ಮಾಮಾ. ಮೂವತ್ತನಾಲ್ಕು ವರ್ಷ ಒಂದು ನಿಮಿಷವನ್ನೂ ಸುಳ್ಳು ಬರೆಯದವನು ಸುಮಾರು ಮೂರು ತಾಸನ್ನು ಸಲೀಸಾಗಿ ನುಂಗಿಬಿಟ್ಟ. ಅವಳ ಚೀಲವನ್ನು ಇಸಿದುಕೊಂಡ. ಅವತ್ತು ಇಬ್ಬರ ನಡುವೆ ಹತ್ತು ಹೆಜ್ಜೆಗಳ ಅಂತರವಿರಲಿಲ್ಲ.

ಸ್ನಾನ, ಚಹಾ ಎಲ್ಲ ಆದ ಮೇಲೆ ಮಾಮಿಯೇ, "ತಪಾಸಣಿ ಸುರು ಮಾಡ್ರಿ, ಭಾಳ ತಡಾ ಆತು" ಎಂದಳು. ಮಾಮಾ ಅಡಿಗೆಮನೆಯ ಬಾಗಿಲ ಮುಂದೆ ನಿಂತ. ಹಾರ್ಮೋನಿಯಂ ರದ್ದು. ಹೊಟ್ಟೆ ರದ್ದು. ಶೆಟ್ಟರ ಸಾಂಬಾರು, ಚಾಲಕನ ಇಷ್ಟ. ನನ್ನ ಮದುವೆಯ ಸಾಲಿಗೆ, 'ಬಸ್ಸು ಇನ್ನೂ ಡಿಪೋ ಬಿಟ್ಟಿಲ್ಲ' ಎಂದು ಬರೆದ. ಹನ್ನೊಂದು ಟ್ರಿಪ್ಪುಗಳ ಕತೆ ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ರಬ್ಬರು ಕೇಳಿದ. ಅವನ ಮನೆಯಲ್ಲಿ ರಬ್ಬರಿದ್ದರಲ್ಲವೇ? ನನ್ನ ಆಫೀಸಿನ ಚೀಲದಿಂದ ಹುಡುಕಿ ಕೊಟ್ಟೆ. ಹನ್ನೆರಡನೆಯ ಸಾಲಿನ ಕೆಂಪು ರದ್ದನ್ನು ಉಜ್ಜತೊಡಗಿದ. ಅದು ಪೂರ್ತಿ ಹೋಗಲಿಲ್ಲ. ಹರಿದ ಕಡೆ ಬೆರಳಿಂದ ಒತ್ತಿ ಹಿಡಿದು ಎಂಟು ಹತ್ತನ್ನೂ ಹೊಡೆದುಹಾಕಿದ, ನೀಲಿ ತುದಿಯಿಂದ ಏನೋ ಬರೆದ, ನಮ್ಮ ಮುಖ ನೋಡದೆ ಬಾಲ್ಕನಿಗೆ ಹೋದ.

ಮಾಮಿ ಕನ್ನಡಕ ಹುಡುಕುತ್ತಿದ್ದಳು. ಓದಿ ಹೇಳು ಎಂದಳು. ನಾನು ಬಾಗಿಲ ಹತ್ತಿರ ಹೋಗಿ ಓದಿದೆ.

'ಹೊರಡುವ ವೇಳೆ: ಅವಳು ಬಂದ ಮೇಲೆ.'